ಬಿಸಿಯಾಗದ ಲ್ಯಾಪ್‌ಟಾಪ್

ಕಚೇರಿಯಲ್ಲಿ ಅವನಿಗೆ ಆಮೆ ಎಂಬ ಅಡ್ಡಹೆಸರು ಅಂಟಿ ಬಹಳ ಕಾಲವಾಗಿತ್ತು. ಕೆಲಸದ ನಿಧಾನವನ್ನು ನೋಡಿ ಇಟ್ಟ ಹೆಸರಲ್ಲ ಅದು. ಇಟ್ಟಿಗೆಯಂಥ ಹಳೆಯ ಲ್ಯಾಪ್‌ಟಾಪು, ಅದಕ್ಕೆ ತಕ್ಕ ಚಾರ್ಜರು, ಎರಡನ್ನೂ ಬೆನ್ನಿಗೇರಿಸಿ, ಕತ್ತನ್ನು ಮುಂದಕ್ಕೆ ಚಾಚಿಕೊಂಡು ಅವನು ಮೆಟ್ಟಿಲೇರಿ ಬರುವ ಭಂಗಿಯನ್ನು ಕಂಡವರ ಬಾಯಲ್ಲಿ ಬೇರೆ ಹೆಸರು ಹುಟ್ಟುವಂತೆಯೇ ಇರಲಿಲ್ಲ. ಆಮೆಗೂ ಅದರಿಂದ ಬೇಸರವಿರಲಿಲ್ಲ. ಕುಡಿಯುವ ನೀರಿನ ಪಂಪುಗಳನ್ನು ನಡೆಸುವ ಸಾಫ್ಟ್‌ವೇರನ್ನು ಬರೆಯುವುದು, ಬರೆದದ್ದು ಕೆಡದಂತೆ ಕಾಯುವುದು ಅವನ ಕಸುಬು. ಹೆಸರು ಏನೇ ಇರಲಿ, ನಲ್ಲಿಯಲ್ಲಿ ನೀರು ಬಂದರಾಯಿತು ಎನ್ನುತ್ತಿದ್ದ.

ಬೇಸರ ಮೊದಲಾದದ್ದು ಬಲಭುಜದಿಂದ. ಅಲ್ಲೊಂದು ಮಂದವಾದ ನೋವು ಮನೆಮಾಡಿಕೊಂಡಿತು. ಒಂದು ಕೋಣೆಯ ಬಾಡಿಗೆಗೆ ಬಂದವನು ಮೆಲ್ಲಮೆಲ್ಲಗೆ ಇಡೀ ಮನೆಯನ್ನೇ ತನ್ನದೆನ್ನುವಂತೆ, ಆ ನೋವು ಭುಜದಿಂದ ತೋಳಿಗೂ ತೋಳಿನಿಂದ ಬೆರಳಿಗೂ ಹಬ್ಬಿ, ಬೆರಳಿಗೆ ಮುಟ್ಟುವ ಹೊತ್ತಿಗೆ ನೋವಾಗಿಯೂ ಉಳಿಯದೆ ಒಂದು ಬಗೆಯ ಸೋಮಾರಿತನವಾಗಿ ಪರಿಣಮಿಸಿತು. ಅಂಗಿಯ ಗುಂಡಿಗಳು ಕೈತಪ್ಪತೊಡಗಿದವು. ಕೀಬೋರ್ಡಿನ ಮೇಲೆ ಬೆರಳುಗಳು ಎಡವಿ, ಬರೆದ ಸಾಲುಗಳಲ್ಲಿ ಅಕ್ಷರಗಳು ಕುಂಟತೊಡಗಿದವು. "ಏನ್ರೀ, ಈಚೆಗೆ ಆಮೆಗೂ ಅವಸರ ಹತ್ತಿಕೊಂಡಿತಾ? ಇಷ್ಟೊಂದು ತಪ್ಪು ನಿಮ್ಮ ಕೈಯಿಂದ ಬರ್ತಿರಲಿಲ್ಲವಲ್ಲ" ಎಂದು ಮೇಲಧಿಕಾರಿ ಒಂದು ದಿನ ನಗುತ್ತಲೇ ಕೇಳಿದ್ದ. ಆ ನಗೆಯ ಹಿಂದೆ ಎಂಥ ಲೆಕ್ಕಾಚಾರವಿದೆಯೆಂಬುದು ಆಮೆಗೆ ತಿಳಿಯದ್ದಲ್ಲ. ಮನೆಯ ಅನ್ನವೆಲ್ಲ ಆ ಹತ್ತು ಬೆರಳುಗಳಿಂದಲೇ ಉದುರಬೇಕಿತ್ತು.

ದೋಷ ಹುಡುಕುವುದರಲ್ಲಿ ಅವನದು ಪಳಗಿದ ಬುದ್ಧಿ. ಭುಜದ ನೋವನ್ನೂ ಸಾಫ್ಟ್‌ವೇರ್ ಕೋಡಿನೊಳಗಿನ ದೋಷದಂತೆಯೇ ಬೆನ್ನಟ್ಟಿದ. ರಜೆಯಲ್ಲಿ ಚೀಲ ಹೊರದಿದ್ದಾಗ ನೋವು ತಗ್ಗಿತ್ತು. ಮರಳಿ ಹೊತ್ತಾಗ ಏರಿತ್ತು. ಸರಿ, ಚೀಲವೇ ಅಪರಾಧಿ, ಹಗುರವಾದ ಲ್ಯಾಪ್‌ಟಾಪೇ ಪರಿಹಾರ ಎಂದು ತೀರ್ಪಿತ್ತು ನೆಮ್ಮದಿಗೊಂಡ. ಒಪ್ಪುವಂಥ ಕಾರಣವೊಂದು ಸಿಕ್ಕೊಡನೆ ಹುಡುಕಾಟ ನಿಲ್ಲಿಸಿಬಿಡುವುದು, ಆ ಕಸುಬಿನವರು ಕಿರಿಯರಿಗೆ ಮಾಡಬೇಡಿರೆಂದು ಬೋಧಿಸುವ, ತಾವು ಮಾತ್ರ ಬಿಡದೆ ಮಾಡುವ ತಪ್ಪು.

"ಮೊದಲು ಡಾಕ್ಟರ ಹತ್ತಿರ ಹೋಗಿ ಬನ್ನಿ. ಆಮೇಲೆ ಬೇಕಾದರೆ ಹತ್ತಿಯಷ್ಟು ಹಗುರದ್ದು ತಗೊಳ್ಳಿ" ಎಂದು ಹೆಂಡತಿ ಅಂದು ಬೆಳಗ್ಗೆ ಪಟ್ಟುಹಿಡಿದಳು.

"ಡಾಕ್ಟರು ಏನು ಹೇಳ್ತಾರೆ? ಭಾರ ಹೊರಬೇಡ ಅಂತಾರೆ. ನಾನು ಮಾಡೋಕೆ ಹೊರಟಿರೋದೂ ಅದನ್ನೇ ತಾನೆ?"

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಕೆಟ್ಟಿರೋದು ನಿಮ್ಮ ಭುಜ, ಬದಲಾಗೋದು ಲ್ಯಾಪ್‌ಟಾಪು."

"ಭುಜ ಬದಲಾಯಿಸೋ ಅಂಗಡಿ ಇದ್ದರೆ ಹೇಳು, ಅಲ್ಲಿಗೇ ಹೋಗ್ತೀನಿ. ನಾಳೆ ಹೊರಡಬೇಕು ಕಣೇ. ಬಂದ ಮೇಲೆ ಡಾಕ್ಟರಿಗೆ ತೋರಿಸೋಣ, ಆಯ್ತಾ?"

ಹೊರಡಬೇಕಾದದ್ದು ದೂರದ ಪಂಪುಮನೆಯೊಂದಕ್ಕೆ. ಹೊಸ ವ್ಯವಸ್ಥೆ ಅಲ್ಲಿ ನೆಲೆಗೊಳ್ಳುವ ತನಕ ತಿಂಗಳುಗಟ್ಟಲೆ ಉಳಿಯಬೇಕು. ಲ್ಯಾಪ್‌ಟಾಪನ್ನು ಹೊತ್ತುಕೊಂಡೇ ಯಂತ್ರದಿಂದ ಯಂತ್ರಕ್ಕೆ ಕಬ್ಬಿಣದ ಏಣಿಗಳನ್ನು ಹತ್ತಿಳಿಯಬೇಕು. ಇವನು ಒಲ್ಲೆನೆಂದರೆ ಆ ಜಾಗಕ್ಕೆ ಮತ್ತೊಬ್ಬ ಸಿದ್ಧನಿದ್ದ. ಈ ವಯಸ್ಸಿನಲ್ಲಿ ಒಮ್ಮೆ ಬದಿಗೆ ಸರಿದ ಪ್ರೋಗ್ರಾಮರನ್ನು ಮತ್ತೆ ನಡುಮನೆಗೆ ಕರೆಯುವವರು ಯಾರು? ಹೆಂಡತಿ ಮಾತು ಬೆಳೆಸಲಿಲ್ಲ. ತನ್ನ ತಮ್ಮನಿಗೆ ಫೋನ್ ಮಾಡಿ, "ನಿನ್ನ ಭಾವನ ಜೊತೆಗೆ ಹೋಗು. ಅಂಗಡಿಯವರು ಹೇಳಿದ್ದಕ್ಕೆಲ್ಲ ಕೋಲೆಬಸವನ ಥರ ತಲೆ ಆಡಿಸಿ ಬಂದುಬಿಡ್ತಾರೆ" ಎಂದಳು.

ಆ ತಮ್ಮ ಫೋಟೋ ತೆಗೆಯುವ ಕಸುಬಿನವನು. ಕ್ಯಾಮೆರಾ, ಲೆನ್ಸು, ಟ್ರೈಪಾಡು ಎಲ್ಲವನ್ನೂ ಹೆಗಲಿಗೆ ತೂಗುಹಾಕಿಕೊಂಡು ತಿರುಗುವುದೇ ಅವನ ಬಾಳಾದ್ದರಿಂದ, ಭಾವನ ಭಾರದ ಗೋಳನ್ನು ಕೇಳಿ ನಗದೆ ಇರಲು ಅವನಿಂದಾಗುತ್ತಿರಲಿಲ್ಲ.

"ನನ್ನ ಚೀಲ ಒಂದು ಸಲ ಹೊತ್ತು ನೋಡಿ ಭಾವ. ನಿಮ್ಮ ಲ್ಯಾಪ್‌ಟಾಪ್ ಅದರೊಳಗೆ ಮೊಮ್ಮಗುವಿನ ಥರ ಮಲಗಿಕೊಳ್ಳುತ್ತೆ" ಎಂದ, ಬೀದಿಯ ನೆರಳಿನ ಬದಿ ಹಿಡಿದು ನಡೆಯುತ್ತ.

"ನಿನ್ನದು ಕತ್ತೆ ಥರ ಹೊರೋ ವಯಸ್ಸು. ನನ್ನದು ಕತ್ತೆ ಮೇಯಿಸೋ ವಯಸ್ಸು."

"ಅದಕ್ಕೇ ನನ್ನನ್ನ ಕರಕೊಂಡು ಹೊರಟಿದ್ದೀರಿ ಅನ್ನಿ."

ಆಮೆ ನಕ್ಕು, ದಾರಿಯಲ್ಲಿ ಕೊಂಡ ಕಾಫಿಯ ಲೋಟವನ್ನು ಬಲಗೈಯಿಂದ ಎತ್ತಿದ. ಬೆಳಕು ನೆರಳುಗಳನ್ನು ಅಳೆಯುವುದೇ ಉದ್ಯೋಗವಾದವನ ಕಣ್ಣು ಆ ಕೈಯ ಮೇಲೆ ನಿಂತಿತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ, ಎಲ್ಲರ ಕೈಯಲ್ಲಿಯೂ ಉಬ್ಬಿರುವ ಎಡೆಯಲ್ಲಿ, ಭಾವನ ಕೈಗೆ ಸಣ್ಣದೊಂದು ಹಳ್ಳ ಬಿದ್ದಿತ್ತು. ಬಿಸಿಲು ಆ ಹಳ್ಳದೊಳಗೆ ನೆರಳಾಗಿ ಕೂತಿತ್ತು.

"ನಿಮ್ಮ ಬಲಗೈಗೆ ಅಕ್ಕ ಊಟ ಹಾಕ್ತಿಲ್ಲವಾ? ಎಡಗೈಗಿಂತ ಬಡವಾಗಿದೆ."

"ದುಡಿಯೋ ಕೈ ಅಲ್ಲವಾ, ಸವೆದಿದೆ" ಎಂದು ಆಮೆ ಲೋಟ ಬರಿದು ಮಾಡಿ ಮುನ್ನಡೆದ. ಭಾವಮೈದುನ ತನ್ನ ಕಾಫಿಯನ್ನು ಇನ್ನೂ ಊದುತ್ತಲೇ ಇದ್ದ.

ಅಂಗಡಿಯ ಮುಂಭಾಗವೆಲ್ಲ ಗಾಜು. ಇಳಿಹೊತ್ತಿನ ಬಿಸಿಲು ಅದನ್ನು ಹಾದು ಒಳಗೆ ಬಂದು ಬೀಳುತ್ತಿತ್ತು. ಉದ್ದನೆಯ ಮೇಜುಗಳ ಮೇಲೆ ಲ್ಯಾಪ್‌ಟಾಪುಗಳು, ದಡದಲ್ಲಿ ಬಿಸಿಲು ಕಾಯುವ ಮೊಸಳೆಗಳಂತೆ ಬಾಯಿ ತೆರೆದುಕೊಂಡು ಸಾಲಾಗಿ ಮಲಗಿದ್ದವು. ಅಂಗಡಿಯಾಕೆ ನಡುವಯಸ್ಸಿನ, ಚುರುಕು ಮಾತಿನ ಹೆಂಗಸು. ಸಾಫ್ಟ್‌ವೇರ್ ಕೆಲಸಕ್ಕೆ, ಹೊರಲು ಹಗುರವಾದದ್ದು ಬೇಕೆಂದು ಕೇಳಿದೊಡನೆ ಒಂದನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದಳು.

"ಇದು ತಗೊಳ್ಳಿ ಸರ್. ಹಪ್ಪಳ."

"ಚಾರ್ಜರ್ ಸೇರಿಸಿಯೂ ಹಪ್ಪಳವೇನಾ?"

"ಚಾರ್ಜರ್ ಬೇರೆ ಸರ್."

"ಅದನ್ನ ನೀವು ಹೊತ್ತುಕೊಂಡು ಬರ್ತೀರಾ ನಮ್ಮ ಜೊತೆ?" ಎಂದ ಭಾವಮೈದುನ. ಆಕೆ ನಗುತ್ತಲೇ ಚಾರ್ಜರನ್ನೂ ತಂದಿಟ್ಟಳು. ಆಮೆ ಎರಡನ್ನೂ ಎತ್ತಿ ತೂಗಿ ನೋಡಿ, ಮೆಮೊರಿ ಎಷ್ಟೆಂದು ಕೇಳಿದ. ತನ್ನ ಕೆಲಸಕ್ಕೆ ಬೇಕಾದುದರ ಅರ್ಧವೂ ಇರಲಿಲ್ಲ.

"ಆಮೇಲೆ ಹೆಚ್ಚಿಸೋಕಾಗುತ್ತಾ?"

"ಇಲ್ಲ ಸರ್. ತೆಳ್ಳಗೆ ಮಾಡೋಕೆ ಅಂತ ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿರ್ತಾರೆ. ಹುಟ್ಟುವಾಗ ಎಷ್ಟು ಬಂತೋ ಅಷ್ಟೇ."

"ನಮ್ಮ ಮನೆಯವರ ತಲೆ ಥರ" ಎಂದು ಭಾವಮೈದುನ ನಿಟ್ಟುಸಿರಿಟ್ಟ.

ಎರಡನೆಯದು ಮೆಮೊರಿಯಲ್ಲಿ ಗಟ್ಟಿ, ತೂಕದಲ್ಲಿಯೂ ತಕ್ಕಮಟ್ಟಿಗೆ ಹಗುರ. ಆಮೆ ಕಿಸೆಯಿಂದ ಪೆನ್‌ಡ್ರೈವ್ ತೆಗೆದ. ಯಾರು ಬೇಕಾದರೂ ಬಳಸಲು ತೆರೆದಿಟ್ಟ ದೊಡ್ಡದೊಂದು ಕೋಡನ್ನು ಈ ಕೆಲಸಕ್ಕೆಂದೇ ಅದರಲ್ಲಿ ತುಂಬಿ ತಂದಿದ್ದ. ಬರೆದ ಸಾವಿರಾರು ಕಡತಗಳನ್ನು ಒಟ್ಟುಗೂಡಿಸಿ ಯಂತ್ರ ನಡೆಸಬಲ್ಲ ರೂಪಕ್ಕೆ ಕಟ್ಟುವುದಕ್ಕೆ ಆ ಕಸುಬಿನವರು ಬಿಲ್ಡ್ ಎನ್ನುತ್ತಾರೆ. ಲ್ಯಾಪ್‌ಟಾಪಿನ ಉಸಿರು ಹತ್ತುವುದು, ಮೈ ಕಾಯುವುದು ಬಿಲ್ಡ್ ಓಡುವಾಗಲೇ. ಕಾದರೆ ಯಂತ್ರ ತನ್ನ ಓಟವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಕೆಲಸ ಕುಂಟುತ್ತದೆ. ಆದ್ದರಿಂದ ಬಿಲ್ಡ್ ಓಡಿಸಿ, ಲ್ಯಾಪ್‌ಟಾಪಿನ ತಳಕ್ಕೆ ಬಲ ಅಂಗೈಯನ್ನು ಒತ್ತಿಹಿಡಿದು, ಅದರ ಕಾವನ್ನು ನೋಡುವುದು ಅವನ ರೂಢಿ. ಪರದೆಯ ಮೇಲಿನ ಅಂಕಿ ಸುಳ್ಳು ಹೇಳಬಹುದು, ಅಂಗೈ ಹೇಳುವುದಿಲ್ಲ ಎಂಬುದು ಅವನು ತಂಡಕ್ಕೆಲ್ಲ ಕಲಿಸಿಕೊಟ್ಟ ಪಾಠ.

"ಕಾವೇನೂ ಇಲ್ಲ. ಆದರೆ ಫ್ಯಾನು ಗಿರಣಿ ಥರ ಸದ್ದು ಮಾಡುತ್ತಲ್ಲ" ಎಂದ.

ಅಂಗಡಿಯಾಕೆ ಹುಬ್ಬೇರಿಸಿದಳು. "ಸದ್ದಿನ ದೂರು ಯಾರೂ ಹೇಳಿರಲಿಲ್ಲ ಸರ್. ಇದನ್ನ ತಗೊಂಡವರೆಲ್ಲ ತಳ ಸುಡುತ್ತೆ ಅಂತಲೇ ವಾಪಸು ತಂದಿರೋದು."

"ನನಗೇನೂ ಅನ್ನಿಸಲಿಲ್ಲ" ಎಂದು ಆಮೆ ಅದನ್ನು ಬದಿಗೆ ಸರಿಸಿದ. ಭಾವಮೈದುನ ಸುಮ್ಮನೆ ಆ ಲ್ಯಾಪ್‌ಟಾಪಿನ ತಳಕ್ಕೊಮ್ಮೆ ಬೆರಳು ತಾಗಿಸಿ, ಬೆರಳನ್ನು ಅಂಗಿಗೆ ಒರೆಸಿಕೊಂಡ. ಏನನ್ನೋ ಹೇಳಹೊರಟವನು, ಅಷ್ಟರಲ್ಲಿ ಅಂಗಡಿಯಾಕೆ ಮೂರನೆಯದನ್ನು ತಂದದ್ದರಿಂದ, ಹೇಳದೆ ಉಳಿದ.

ಮೂರನೆಯದು ಗಾಜಿನ ಪಕ್ಕದಲ್ಲಿ, ಬಿಸಿಲಿಗೇ ಒಡ್ಡಿ ಪ್ರದರ್ಶನಕ್ಕಿಟ್ಟಿದ್ದ ಲ್ಯಾಪ್‌ಟಾಪು. ಮೈಯೆಲ್ಲ ಲೋಹ. ಒಳಗೆ ಫ್ಯಾನೇ ಇಲ್ಲ. ಆದ್ದರಿಂದ ಸದ್ದೂ ಇಲ್ಲ. ಮೆಮೊರಿ ಬೇಕಾದಷ್ಟು. ಚಾರ್ಜರು ಬೆಂಕಿಪೊಟ್ಟಣದ ಅಣ್ಣನಷ್ಟು. ಅದನ್ನು ಎತ್ತಿಕೊಂಡಾಗ ಆಮೆಯ ಮುಖದಲ್ಲಿ ಬಹಳ ದಿನಗಳಿಂದ ಕಾಣದ ಗೆಲುವು ಕಂಡಿತು. ಕೀಬೋರ್ಡಿನ ಮೇಲೆ ಎರಡು ಸಾಲು ಬರೆದು ನೋಡಿದ. ಅಕ್ಷರಗಳು ಇಲ್ಲಿಯೂ ಕುಂಟಿದವು. ಹೊಸ ಕೀಬೋರ್ಡು, ಒಗ್ಗಬೇಕಲ್ಲ ಎಂದುಕೊಂಡ. ಬಿಲ್ಡ್ ಹಾಕಿದ. ತಟ್ಟೆ ಹಿಡಿಯುವವನಂತೆ ಲ್ಯಾಪ್‌ಟಾಪನ್ನು ಬಲ ಅಂಗೈಯ ಮೇಲಿರಿಸಿಕೊಂಡು, ಸ್ಟೂಲಿನ ಮೇಲೆ ಕುಳಿತು ಕಾಯತೊಡಗಿದ.

ಕೆಲಸ ದೊಡ್ಡದು. ಪರದೆಯ ಮೇಲೆ ಸಾಲುಗಳು ಇರುವೆಗಳಂತೆ ಮೇಲೇರುತ್ತಿದ್ದವು. ಮೊದಲು ಸರಸರನೆ, ಬರಬರುತ್ತ ತಡೆತಡೆದು. ಮಾತು ಪಂಪುಮನೆಯತ್ತ ಹೊರಳಿತು. ಅಲ್ಲಿಯ ಏಣಿಗಳು ಎಷ್ಟು ಕಡಿದು, ಊಟಕ್ಕೆ ಎಷ್ಟು ದೂರ ಎಂದೆಲ್ಲ ಆಮೆ ಹೇಳಿದ. ಬರುವಾಗ ಅಕ್ಕನಿಗೆ ಏನು ತರಬೇಕೆಂದು ಭಾವಮೈದುನ ಸಲಹೆಯಿತ್ತ. ಅಂಗಡಿಯಾಕೆ ಬೇರೆ ಗಿರಾಕಿಯೊಬ್ಬನನ್ನು ಸಾಗಹಾಕಿ ಮರಳಿ ಬಂದಳು.

"ಹೇಗಿದೆ ಸರ್?"

"ಓಟ ಯಾಕೋ ತಗ್ಗಿದೆ. ಕಾದಿದ್ದರೆ ತಗ್ಗಬೇಕು, ಇದು ಕಾದೇ ಇಲ್ಲ. ಇಡೀ ಬಿಲ್ಡ್ ಓಡಿದರೂ ತಣ್ಣಗಿದೆ ನೋಡಿ" ಎಂದ ಆಮೆ. "ಇದೇ ಇರಲಿ. ಕಟ್ಟಿಕೊಡಿ."

ಅಂಗಡಿಯಾಕೆ ಎರಡೂ ಕೈಚಾಚಿ ಲ್ಯಾಪ್‌ಟಾಪನ್ನು ತೆಗೆದುಕೊಂಡಳು. ತೆಗೆದುಕೊಂಡವಳು ಅದೇ ಕ್ಷಣ ಮೇಜಿನ ಮೇಲೆ ಹೆಚ್ಚುಕಡಿಮೆ ಎಸೆದುಬಿಟ್ಟಳು. ತನ್ನ ಬೆರಳುಗಳನ್ನು ತುಟಿಗೊತ್ತಿಕೊಂಡು, ಲ್ಯಾಪ್‌ಟಾಪನ್ನಲ್ಲ, ಅವನ ಮುಖವನ್ನು ನೋಡಿದಳು.

"ಇದನ್ನ ಇಷ್ಟು ಹೊತ್ತು ಹೇಗೆ ಹಿಡಿದುಕೊಂಡಿದ್ರಿ ಸರ್?"

ಆಮೆಗೆ ಪ್ರಶ್ನೆ ಅರ್ಥವಾಗಲಿಲ್ಲ. ಭಾವಮೈದುನ ಮುಂದೆ ಬಂದು ಅವನ ಬಲಗೈಯನ್ನು ಹಿಡಿದು ಮೇಲ್ಮುಖವಾಗಿ ತಿರುಗಿಸಿದ. ಅಂಗೈ ತುಂಬ ಕೆಂಪು. ನಡುವೆ ಚರ್ಮ ಬಿಳಿಚಿ ಮೆಲ್ಲಗೆ ಏಳತೊಡಗಿತ್ತು. ತಳದ ಸ್ಕ್ರೂಗಳ ಗುರುತು ಅಲ್ಲಿ ಅಚ್ಚೊತ್ತಿದಂತೆ ಮೂಡಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತಾರೆ. ಆಮೆ ಮಾತ್ರ ತನ್ನ ಅಂಗೈಯಲ್ಲಿ ಆದದ್ದೇನೆಂಬುದನ್ನು ಎದುರಿಗಿದ್ದ ಇಬ್ಬರ ಮುಖಗಳಲ್ಲಿ ನೋಡಿ ತಿಳಿಯಬೇಕಾಯಿತು.

"ಉರಿಯುತ್ತಾ ಭಾವ?"

"ಇಲ್ಲ."

"ಸ್ವಲ್ಪವೂ?"

ಆಮೆ ಎದ್ದು ಮೇಜಿನ ಬಳಿಗೆ ಹೋಗಿ, ಲ್ಯಾಪ್‌ಟಾಪನ್ನು ಮಗುಚಿ, ಅದೇ ತಳದ ಮೇಲೆ ಎಡ ಅಂಗೈಯನ್ನಿಟ್ಟ. ಇಟ್ಟ ಕೈ ಅವನ ಅಪ್ಪಣೆಗೆ ಕಾಯದೆ ಹಿಂದಕ್ಕೆ ಹಾರಿತು. ಮತ್ತೆ ಬಲಗೈಯನ್ನಿಟ್ಟ. ಲೋಹದ ನುಣುಪು ತಿಳಿಯಿತು, ಸ್ಕ್ರೂವಿನ ತಗ್ಗು ತಿಳಿಯಿತು, ರಬ್ಬರು ಕಾಲಿನ ಒರಟು ತಿಳಿಯಿತು. ಬಿಸಿಯೊಂದು ಮಾತ್ರ ತಿಳಿಯಲಿಲ್ಲ. ಲ್ಯಾಪ್‌ಟಾಪು ಅದೇ, ಜಾಗವೂ ಅದೇ. ಬದಲಾದದ್ದು ಕೈ ಮಾತ್ರ. ಬಲಗೈಯ ಕಿರುಬೆರಳಿನ ಮೇಲೆ ಒಮ್ಮೆ ಎಲ್ಲಿಂದಲೋ ಎದ್ದು ಒಣಗಿಹೋದ ಬೊಬ್ಬೆ ಆಗ ಅವನ ನೆನಪಿಗೆ ಬಂದಿತು. ಬೆಳಗಿನ ಸ್ನಾನದ ನೀರು ಎಷ್ಟು ಬಿಸಿಯಿತ್ತೆಂದು ತನಗೆ ಈಚೆಗೆ ಯಾವ ಕೈಯಿಂದ ಗೊತ್ತಾಗುತ್ತಿತ್ತು? ಅವನಿಗೆ ಹೊಳೆಯಲಿಲ್ಲ.

"ಕೈ ಎತ್ತಿ ಭಾವ, ಸಾಕು" ಎಂದು ಭಾವಮೈದುನ ಅವನ ಮಣಿಕಟ್ಟು ಹಿಡಿದೆಳೆದ.

ಅಂಗಡಿಯಾಕೆ ಇಬ್ಬರನ್ನೂ ಹಿಂದಿನ ಕೋಣೆಗೆ ಕರೆದೊಯ್ದಳು. ರಟ್ಟಿನ ಪೆಟ್ಟಿಗೆಗಳು ಸೂರಿನವರೆಗೆ ಪೇರಿಸಿದ್ದ ಇಕ್ಕಟ್ಟಾದ ಕೋಣೆ. ಮೂಲೆಯಲ್ಲಿ ಕೈತೊಳೆಯುವ ತೊಟ್ಟಿ, ಅದರ ಪಕ್ಕದಲ್ಲಿ ಪುಟ್ಟದೊಂದು ಫ್ರಿಜ್ಜು. ನಲ್ಲಿ ತಿರುಗಿಸಿ, ನೀರಿನ ಕೆಳಗೆ ಅಂಗೈ ಹಿಡಿಯುವಂತೆ ಹೇಳಿದಳು. ಫ್ರಿಜ್ಜಿನೊಳಗಿಂದ ನೀರಿನ ಬಾಟಲಿಯೊಂದನ್ನು ತೆಗೆದು ಕೊಟ್ಟು, "ಇದನ್ನೂ ಇಟ್ಟುಕೊಂಡಿರಿ. ತಪ್ಪು ನಮ್ಮ ಲ್ಯಾಪ್‌ಟಾಪಿನದೇ ಇರಬಹುದು ಸರ್, ಬಿಸಿಲಲ್ಲಿ ಇಡಬಾರದಿತ್ತು" ಎಂದು ಹೇಳಿ, ಮುಂದಿನ ಕೋಣೆಯಲ್ಲಿ ಯಾರೋ ಕರೆದದ್ದಕ್ಕೆ ಹೋದಳು.

"ತಪ್ಪು ಅದರದಲ್ಲ" ಎಂದ ಆಮೆ, ಅವಳು ಹೋದ ಮೇಲೆ.

ಆ ಬಾಟಲಿಯನ್ನು ಎಡಗೈಯಲ್ಲಿ ಹಿಡಿದು ಬಲ ಮಣಿಕಟ್ಟಿಗೆ ಒತ್ತಿದ. ಎಡಗೈ ತಣ್ಣಗೆ ಕೊರೆಯುತ್ತಿತ್ತು, ಮಣಿಕಟ್ಟಿಗೆ ಗಾಜು ತಾಗಿದ್ದು ಮಾತ್ರ ಗೊತ್ತಾಯಿತು. ದೊಡ್ಡ ಕೋಡಿನಲ್ಲಿ ದೋಷವೆಲ್ಲಿದೆಯೆಂದು ತಿಳಿಯದಾಗ ಅದನ್ನು ಸಾಲುಸಾಲಾಗಿ ಹುಡುಕುವವನು ಮೂರ್ಖ. ಬಲ್ಲವನು ನೇರ ನಡುವಿಗೆ ಹೋಗಿ, ಕೆಟ್ಟ ಅರ್ಧ ಯಾವುದೆಂದು ನೋಡಿ, ಆ ಅರ್ಧವನ್ನು ಮತ್ತೆ ಅರ್ಧಿಸುತ್ತಾನೆ. ಆಮೆ ಬಾಟಲಿಯನ್ನು ಮೊಣಕೈಗಿಟ್ಟ. ತಂಪಿಲ್ಲ. ಅಂಗಿ ಬಿಚ್ಚಿ ಭುಜಕ್ಕಿಟ್ಟ. ತಂಪಿಲ್ಲ. ಹೊಟ್ಟೆಗಿಟ್ಟಾಗ ಮೈ ಜುಮ್ಮೆಂದಿತು. ಅಲ್ಲಿ ಎಲ್ಲವೂ ಸರಿಯಿತ್ತು. ಹೊಟ್ಟೆಯಿಂದ ಭುಜಕ್ಕೆ ಅರ್ಧ ದಾರಿ, ಎದೆಯ ಮೇಲೆ: ತಂಪಿಲ್ಲ. ಎದೆಯ ನಡುಮೂಳೆಯ ಮೇಲೆ: ಇಲ್ಲ.

ಅಲ್ಲಿಂದ ಮುಂದೆ ಎಡಮೈ. ಆಮೆಯ ಕೈ ನಿಂತಿತು.

"ಇಷ್ಟು ಸಾಕು. ಬನ್ನಿ, ಡಾಕ್ಟರ ಹತ್ತಿರ ಹೋಗೋಣ" ಎಂದ ಭಾವಮೈದುನ. ಅವನ ದನಿಯಲ್ಲಿ ತಮಾಷೆಯ ಒಂದು ಎಳೆಯೂ ಉಳಿದಿರಲಿಲ್ಲ.

"ಹೋಗೋಣ. ಒಂದು ಕೆಲಸ ಮಾಡು. ನಾನೇ ಇಟ್ಟುಕೊಂಡರೆ ಮನಸ್ಸು ಮೋಸ ಮಾಡುತ್ತೆ. ನಿನ್ನ ಚೀಲದಲ್ಲಿ ಬಿಸಿಲಿಗೆ ಬೆಚ್ಚಗಾದ ನೀರಿನ ಬಾಟಲಿ ಇದೆಯಲ್ಲ, ಅದೂ ಗಾಜಿನದೇ, ತೆಗಿ. ನಾನು ಕಣ್ಣು ಮುಚ್ಚುತ್ತೀನಿ. ಎರಡರಲ್ಲಿ ನಿನಗೆ ಬೇಕಾದ್ದನ್ನ ಎಡಭುಜದ ಮೇಲೆ ಇಡು. ಯಾವುದು ಅಂತ ನಾನು ಹೇಳ್ತೀನಿ."

"ಯಾಕೆ ಭಾವ ಇದೆಲ್ಲ?"

"ಇಡು ಅಂದೆ."

ಆಮೆ ಕಣ್ಣು ಮುಚ್ಚಿದ. ಮುಂದಿನ ಕೋಣೆಯಲ್ಲಿ ಅಂಗಡಿಯಾಕೆ ಮತ್ತೊಬ್ಬರಿಗೆ ಹಪ್ಪಳದ ಹೋಲಿಕೆ ಹೇಳುತ್ತಿದ್ದುದು ಕೇಳಿಸುತ್ತಿತ್ತು. ಎಡಭುಜದ ಮೇಲೆ ನುಣುಪಾದ, ದುಂಡಗಿನದೊಂದು ವಸ್ತು ಬಂದು ಕುಳಿತಿತು.

"ಯಾವುದು ಭಾವ?"

"ನಿನ್ನ ಚೀಲದ್ದು."

ಆ ವಸ್ತು ಎದ್ದು, ತುಸು ತಡೆದು, ಮತ್ತೆ ಬಂದು ಕುಳಿತಿತು.

"ಇದು?"

"ಇದೂ ನಿನ್ನ ಚೀಲದ್ದೇ. ಹೇಳು, ಸರಿಯಾಗಿದೆಯಾ?"

ಉತ್ತರ ಬರಲಿಲ್ಲ. ಸರಿಯಾಗಿದ್ದರೆ ಬಾಯಿ ಸುಮ್ಮನಿರುವ ಜೀವವಲ್ಲ ಅದು. ಆಮೆ ಕಣ್ಣು ತೆರೆಯಲಿಲ್ಲ. ತೆರೆದರೆ ಇನ್ನೂ ಉಳಿದಿರುವ ಅನುಮಾನವೂ ಮುಗಿದುಹೋಗುತ್ತಿತ್ತು. ಅಷ್ಟರಲ್ಲಿ ಭುಜದ ಮೇಲಿಂದ ಏನೋ ಹರಿಯತೊಡಗಿತು. ಫ್ರಿಜ್ಜಿನ ಬಾಟಲಿಯ ಮೈಯ ಬೆವರು ಹನಿಗಟ್ಟಿ ಇಳಿಯುತ್ತಿದೆಯೆಂದು ಅವನಿಗೆ ಅರ್ಥವಾಯಿತು. ಇರುವೆ ಹರಿದಂಥ ನಡೆ. ಬಿಸಿಯೂ ಅಲ್ಲ, ತಂಪೂ ಅಲ್ಲ. ಭುಜದ ದುಂಡು ದಾಟಿತು. ತೋಳಿನ ಅರ್ಧಕ್ಕೆ ಬಂದಿತು. ಅಲ್ಲಿ ಕ್ಷಣ ನಿಂತು, ಇನ್ನೂ ಇಳಿಯಿತು. ಮೊಣಕೈಗೆ ತುಸು ಮೇಲೆ, ಯಾವ ಮುನ್ಸೂಚನೆಯೂ ಇಲ್ಲದೆ, ಆ ಹನಿ ಮಂಜಿನಷ್ಟು ತಣ್ಣಗಾಯಿತು.

ಆಮೆ ಉಸಿರೆಳೆದುಕೊಂಡು, ಬಲಗೈಯ ಬೆರಳನ್ನು ಅದೇ ಜಾಗಕ್ಕೆ ಒತ್ತಿ ಹಿಡಿದ. ಆಗ ಕಣ್ಣು ತೆರೆದ.

"ಪೆನ್ ಇದೆಯಾ?"

ಭಾವಮೈದುನ ಪೆಟ್ಟಿಗೆಗಳ ಮೇಲೆ ಬಿದ್ದಿದ್ದ ದಪ್ಪ ಮೊನೆಯ ಪೆನ್ನೊಂದನ್ನು ಹುಡುಕಿ ಕೊಟ್ಟ. ಆಮೆ ಅದನ್ನು ಬೊಬ್ಬೆಯೆದ್ದ ಅಂಗೈಯ ಬೆರಳುಗಳಲ್ಲಿ ಹಿಡಿದು, ಎಡತೋಳಿನ ಸುತ್ತ, ಹನಿ ತಣ್ಣಗಾದ ಜಾಗದಲ್ಲಿ, ಅಡ್ಡಗೆರೆಯೊಂದನ್ನು ಎಳೆದ.

"ಇದು ಯಾಕೆ ಭಾವ?"

"ಗೊತ್ತಾಗದೇ ಇರೋದು ನಾಳೆ ಎಲ್ಲಿಗೆ ಇಳಿದಿರುತ್ತೆ ಅಂತ ನೋಡೋಕೆ."

ಭಾವಮೈದುನ ಒದ್ದೆ ಬಾಟಲಿಯನ್ನು ಕೆಳಗಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅಕ್ಕನಿಗೆ ಫೋನ್ ಹಚ್ಚಿದ. ಆಮೆ ಬೇಡವೆನ್ನಲಿಲ್ಲ. ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಿಸಿದ, ಒಂದೊಂದಾಗಿ ಬಿಡಿಸಿದ. ಬಲಗೈ ಎಳೆದ ಗೆರೆ ಸೊಟ್ಟಗಿತ್ತು. ಅದರ ಕೆಳಗಿನ ಕೈ ಇನ್ನೂ ಅವನದಾಗಿತ್ತು.